ಅಂಗೈಯಗಲದ ಬೋರ್ಡಿನಲ್ಲಿ ಮನೆಯ ರೂಟರ್: ಕಾಸರಗೋಡಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಒಳ ಊರುಗಳಿಗೂ ಈಗ ಫೈಬರ್ ಬಂದಿದೆ. 100 ಎಂಬಿಪಿಎಸ್ ಪ್ಲಾನ್ ಅಂತ ದುಡ್ಡು ಕಟ್ಟುತ್ತೇವೆ. ಆದರೂ ಮನೆಯಲ್ಲಿ ಒಬ್ಬರು ಮದುವೆ ಫೋಟೋಗಳನ್ನು ಅಪ್‌ಲೋಡ್ ಮಾಡಲು ಕೂತರೆ ಸಾಕು, ದುಬೈಯಿಂದ ಬಂದ ವಿಡಿಯೋ ಕಾಲ್ ತಡವರಿಸುತ್ತದೆ. ಅಡುಗೆಮನೆಗೆ ಹೋದರೆ ವೈಫೈಯೇ ಇಲ್ಲ. ಲೈನ್ ಸರಿಯಿಲ್ಲ ಅಂತ ಬೈಯುವುದು ವಾಡಿಕೆ. ಹೆಚ್ಚಿನ ಸಲ ಲೈನಿನದು ತಪ್ಪಲ್ಲ, ಪೆಟ್ಟಿಗೆಯದು.

ಇಂಟರ್ನೆಟ್ ಕೊಡುವವರು ಗೋಡೆಗೆ ಹೊಡೆದು ಹೋಗುವ ಆ ಬಿಳಿ ಪೆಟ್ಟಿಗೆ, ಅಂದರೆ ಓಎನ್‌ಯು, ನಾಲ್ಕು ಕೆಲಸ ಮಾಡುತ್ತದೆ. ಫೈಬರಿನ ಬೆಳಕನ್ನು ಸಿಗ್ನಲ್ ಮಾಡುವುದು, ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವುದು, ಮನೆಯ ಫೋನು ಟಿವಿಗಳಿಗೆ ವಿಳಾಸ ಹಂಚುವುದು, ವೈಫೈ ಬಿಡುವುದು. ಮೊದಲನೆಯದನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಉಳಿದ ಮೂರನ್ನು ಹೇಗೋ ಮಾಡಿ ಮುಗಿಸುತ್ತದೆ. ಹಾಗಾಗಿ ಈ ಕೆಲಸಗಳನ್ನು ಹಂಚಿಬಿಡೋಣ. ಬೆಳಕಿನ ಕೆಲಸ ಓಎನ್‌ಯುಗೆ, ಲಾಗಿನ್ ಮತ್ತು ಹಂಚಿಕೆ ಲಿನಕ್ಸ್ ಓಡುವ ಒಂದು ಪುಟ್ಟ ಬೋರ್ಡಿಗೆ (ಅಂಗೈಯಗಲದ ಕಂಪ್ಯೂಟರ್), ವೈಫೈ ಮನೆಯಲ್ಲಿ ಈಗಾಗಲೇ ಇರುವ ಹಳೆ ರೂಟರಿಗೆ.

ಒಂದು ಮಾತು ಮೊದಲೇ. ಮನೆಯಲ್ಲಿ ಇರುವುದು ಎರಡು ಫೋನು ಒಂದು ಟಿವಿ ಮಾತ್ರವಾದರೆ ಇದೆಲ್ಲ ಬೇಡ. ತೊಂದರೆ ಇರುವುದು ಬರೀ ವೈಫೈ ರೇಂಜಿನದ್ದಾದರೆ ಬೋರ್ಡು ತಂದು ಏನೂ ಪ್ರಯೋಜನವಿಲ್ಲ. ಕೆಳಗೆ ಹಂತ 4 ಇದೆಯಲ್ಲ, ಅದೊಂದನ್ನೇ ಮಾಡಿ. ಕಾಲ್ ತಡವರಿಸುತ್ತದೆ, ಮಕ್ಕಳ ಟ್ಯಾಬಿಗೆ ಜಾಹೀರಾತು ಕಡಿಮೆ ಮಾಡಬೇಕು, ಲಿನಕ್ಸ್ ಕೈಯಾರೆ ಕಲಿಯಬೇಕು ಅನ್ನುವವರು ಮುಂದೆ ಓದಿ.

ಯಾವ ಬೋರ್ಡು ತರುವುದು?

ಬೋರ್ಡು ಅಂದ ಕೂಡಲೇ ಎಲ್ಲರ ಬಾಯಿಗೆ ಬರುವುದು ರಾಸ್ಪ್‌ಬೆರಿ ಪೈ. 2012ರಲ್ಲಿ ಬಂದದ್ದು, ಹೆಸರು ಗಟ್ಟಿ. ಆದರೆ ರೂಟರಿಗೆ ಬೇಕಾದದ್ದು ಹೆಸರಲ್ಲ, ಎರಡು ಲ್ಯಾನ್ ಪೋರ್ಟ್. ಒಂದರಲ್ಲಿ ಹೊರಗಿನ ಇಂಟರ್ನೆಟ್ ಒಳಗೆ ಬರಬೇಕು, ಇನ್ನೊಂದರಲ್ಲಿ ಮನೆಗೆ ಹೋಗಬೇಕು. ಯಾವ ಪೈಯಲ್ಲೂ ಎರಡು ಪೋರ್ಟ್ ಇಲ್ಲ.

ಪೈ 3ರ ಪೋರ್ಟ್ 100 ಎಂಬಿಪಿಎಸ್‌ನದ್ದು. ಪೈ 3 ಬಿ ಪ್ಲಸ್‌ನಲ್ಲಿ ಗಿಗಾಬಿಟ್ ಅಂತ ಬರೆದಿರುತ್ತಾರೆ, ಆದರೆ ಅದು ಕೂತಿರುವುದು ಯುಎಸ್‌ಬಿ 2ರ ಮೇಲೆ. ಸುಮಾರು 300 ಎಂಬಿಪಿಎಸ್ ದಾಟುವುದಿಲ್ಲ. 2019ರ ಪೈ 4ಕ್ಕೆ ನಿಜವಾದ ಗಿಗಾಬಿಟ್ ಉಂಟು. ಎರಡನೇ ಪೋರ್ಟಿಗೆ ಯುಎಸ್‌ಬಿ 3 ಈಥರ್ನೆಟ್ ಅಡಾಪ್ಟರ್ ಸಿಕ್ಕಿಸಬೇಕು. ಕೆಲಸ ಆಗುತ್ತದೆ. ಆದರೆ ಗುಡಿಸುವಾಗ ಪೊರಕೆ ತಾಗಿ ಆ ಅಡಾಪ್ಟರ್ ಅಲ್ಲಾಡಿದರೆ ಮನೆಮಂದಿಗೆಲ್ಲ ನೆಟ್ ಹೋಯಿತು. ಕೈಯಲ್ಲಿ ಪೈ 4 ಇದ್ದರೆ ಬಳಸಿ. ರೂಟರಿಗೆಂದೇ ಹೊಸತು ಕೊಳ್ಳಬೇಡಿ.

ರೂಟರಿಗೆಂದೇ ಮಾಡಿದ ಬೋರ್ಡುಗಳು ಬೇರೆ ಇವೆ. ಫ್ರೆಂಡ್ಲಿಎಲೆಕ್‌ನವರ ನ್ಯಾನೋಪೈ ಆರ್2ಎಸ್ ಇವುಗಳಲ್ಲಿ ಹಳೆ ಕೈ. ರಾಕ್‌ಚಿಪ್ ಆರ್‌ಕೆ3328 ಚಿಪ್, 1 ಜಿಬಿ ರ‍್ಯಾಮ್, ಎರಡು ಗಿಗಾಬಿಟ್ ಪೋರ್ಟ್. ಬೋರ್ಡಿನ ಅಳತೆ ಉದ್ದ ಅಗಲ ಎರಡೂ 6 ಸೆಂಟಿಮೀಟರಿಗಿಂತ ಕಡಿಮೆ. ಅದೇ ಚಿಪ್ಪಿನ ಆರೆಂಜ್ ಪೈ ಆರ್1 ಪ್ಲಸ್ ಕೂಡ ಇದರ ಅಣ್ಣತಮ್ಮನೇ. 300 ಎಂಬಿಪಿಎಸ್ ಒಳಗಿನ ಪ್ಲಾನ್ ಇರುವವರಿಗೆ ಇವೆರಡರಲ್ಲಿ ಯಾವುದಾದರೂ ಸಾಕು. ಅದಕ್ಕಿಂತ ಮೇಲಿನ ಲೈನಿದ್ದು, ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಬರುವ ಗುಪ್ತ ದಾರಿ) ಕೂಡ ಜೋರಾಗಿ ಓಡಬೇಕು ಅನ್ನುವವರು ಆರ್‌ಕೆ3399 ಚಿಪ್ಪಿನ ಆರ್4ಎಸ್ ನೋಡಬಹುದು. 2.5 ಗಿಗಾಬಿಟ್ ಪೋರ್ಟುಗಳಿರುವ ಆರ್5ಎಸ್ ಕೂಡ ಇದೆ. ನಮ್ಮ ಊರ ಲೈನಿಗೆ ಅದು ಸುಮ್ನೆ ದುಂದು.

ವಿಪಿಎನ್ ವಿಷಯದಲ್ಲಿ ಒಂದು ಸೂಕ್ಷ್ಮ. ಪೈ 4ರ ಪ್ರೊಸೆಸರಿನಲ್ಲಿ ಎಇಎಸ್ ಎನ್‌ಕ್ರಿಪ್ಶನ್ನಿಗೆ ಬೇಕಾದ ವಿಶೇಷ ಸೌಲಭ್ಯವನ್ನು ಕೊಟ್ಟಿಲ್ಲ. ಎಇಎಸ್ ಬಳಸುವ ಓಪನ್‌ವಿಪಿಎನ್ ಹಾಕಿದರೆ ಏದುಸಿರು ಬಿಡುತ್ತದೆ. ವೈರ್‌ಗಾರ್ಡ್ ಎಂಬ ಇನ್ನೊಂದು ವಿಪಿಎನ್ ಬಳಸುವುದು ಚಾಚಾ20 ಎಂಬ ಬೇರೆ ವಿಧಾನವನ್ನು, ಅದಕ್ಕೆ ಈ ತೊಂದರೆ ಇಲ್ಲ.

ಬೋರ್ಡಿಗೆ ನಾವು ಹಾಕುವ ವ್ಯವಸ್ಥೆಯ ಹೆಸರು ಓಪನ್‌ಡಬ್ಲ್ಯೂಆರ್‌ಟಿ. ಕೊಳ್ಳುವ ಮೊದಲು ಅದರ ಹಾರ್ಡ್‌ವೇರ್ ಪಟ್ಟಿಯಲ್ಲಿ ಬೋರ್ಡಿನ ಹೆಸರು ಇದೆಯೇ ಎಂದು ನೋಡಲೇಬೇಕು. ಪಟ್ಟಿಯಲ್ಲಿ ಇಲ್ಲದ ಬೋರ್ಡು ಎಷ್ಟು ಅಗ್ಗವಾದರೂ ಬೇಡ. ತಯಾರಕರು ತಮ್ಮದೇ ಇಮೇಜ್ (ಕಾರ್ಡಿಗೆ ಬರೆಯುವ ಸಿದ್ಧ ವ್ಯವಸ್ಥೆಯ ಫೈಲ್) ಕೊಡುತ್ತಾರೆ ನಿಜ, ಆದರೆ ವರ್ಷ ಎರಡು ಕಳೆದ ಮೇಲೆ ಅದರ ಅಪ್‌ಡೇಟ್ ಬಂದರೆ ಬಂತು. ಹೊರದೇಶದಿಂದ ತರಿಸುವವರು ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬೋರ್ಡಿನ ಜೊತೆ ಬೇಕಾದವು: ಲೋಹದ ಕೇಸ್ (ಬಿಸಿ ಹೊರಗೆ ಹೋಗಲು ಪ್ಲಾಸ್ಟಿಕ್ಕಿಗಿಂತ ಎಷ್ಟೋ ಮೇಲು), ಒಳ್ಳೆ ಕಂಪನಿಯ 16 ಅಥವಾ 32 ಜಿಬಿ ಮೈಕ್ರೋ ಎಸ್‌ಡಿ ಕಾರ್ಡು, ಕಾರ್ಡ್ ರೀಡರ್, ಎರಡು ಕ್ಯಾಟ್ 6 ಕೇಬಲ್, ಅಡಾಪ್ಟರ್. ಅಡಾಪ್ಟರ್ ವಿಷಯದಲ್ಲಿ ಜಿಪುಣತನ ಬೇಡ. ಆರ್2ಎಸ್‌ಗೆ 5 ವೋಲ್ಟ್ 2 ಆಂಪ್, ಪೈ 4ಕ್ಕೆ 5 ವೋಲ್ಟ್ 3 ಆಂಪ್. ಮನೆಯ ಹಳೆ ಫೋನ್ ಚಾರ್ಜರ್ ಸಿಕ್ಕಿಸಿದರೆ ಬೋರ್ಡು ಆನ್ ಆಗುತ್ತದೆ, ಲೋಡ್ ಬಿದ್ದಾಗ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಕಾರಣ ಗೊತ್ತಾಗದೆ ವಾರಗಟ್ಟಲೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹಂತ 1: ಕಾರ್ಡಿಗೆ ಇಮೇಜ್ ಬರೆಯುವುದು

ಓಪನ್‌ಡಬ್ಲ್ಯೂಆರ್‌ಟಿ ಅಂದರೆ ರೂಟರಿಗೆಂದೇ ಕಟ್ಟಿದ ಲಿನಕ್ಸ್. 2004ರಲ್ಲಿ ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿ ಎಂಬ ರೂಟರಿನ ಬಿಡುಗಡೆಯಾದ ಕೋಡಿನಿಂದ ಹುಟ್ಟಿಕೊಂಡದ್ದು, ಹೆಸರು ಬಂದದ್ದೂ ಅಲ್ಲಿಂದಲೇ. ಅವರ ತಾಣದ ಫರ್ಮ್‌ವೇರ್ ಸೆಲೆಕ್ಟರಿನಲ್ಲಿ ನಿಮ್ಮ ಬೋರ್ಡಿನ ಹೆಸರು ಟೈಪ್ ಮಾಡಿದರೆ ಇಮೇಜ್ ಸಿಗುತ್ತದೆ. ಇಮೇಜಿನಲ್ಲಿ ಎರಡು ಬಗೆ: ಇಎಕ್ಸ್‌ಟಿ4 ಮತ್ತು ಸ್ಕ್ವಾಶ್‌ಎಫ್‌ಎಸ್. ಎರಡನೆಯದನ್ನೇ ತೆಗೆದುಕೊಳ್ಳಿ. ಅದರಲ್ಲಿ ಮೂಲ ವ್ಯವಸ್ಥೆ ಓದಲು ಮಾತ್ರ ಸಿಗುವ ಹಾಗೆ ಇರುತ್ತದೆ, ನಿಮ್ಮ ಬದಲಾವಣೆಗಳು ಅದರ ಮೇಲೆ ಬೇರೆ ಪದರವಾಗಿ ಕೂರುತ್ತವೆ. ಏನಾದರೂ ಕೆಟ್ಟರೆ ಮೇಲಿನ ಪದರ ಅಳಿಸಿ ಹೊಸದರಂತೆ ಮಾಡಬಹುದು. ಪೈ 4ರವರು ಯುಎಸ್‌ಬಿ ಅಡಾಪ್ಟರಿನ ಡ್ರೈವರನ್ನು ಇದೇ ಸೆಲೆಕ್ಟರಿನಲ್ಲಿ ಇಮೇಜಿಗೆ ಸೇರಿಸಿಕೊಳ್ಳಿ. ಇಲ್ಲವಾದರೆ ನೆಟ್ ಇಲ್ಲದೆ ಡ್ರೈವರ್ ಇಲ್ಲ, ಡ್ರೈವರ್ ಇಲ್ಲದೆ ನೆಟ್ ಇಲ್ಲ ಎಂಬ ಸ್ಥಿತಿ.

ಬಲೇನಾ ಎಚ್ಚರ್ ಅಥವಾ ರಾಸ್ಪ್‌ಬೆರಿ ಪೈ ಇಮೇಜರ್ ತೆರೆದು ಕಾರ್ಡಿಗೆ ಬರೆಯಿರಿ. ಬರೆಯುವಾಗ ಆರಿಸಿದ್ದು ಎಸ್‌ಡಿ ಕಾರ್ಡನ್ನೇ ಹೊರತು ಲ್ಯಾಪ್‌ಟಾಪಿಗೆ ಸಿಕ್ಕಿಸಿಟ್ಟ ಹಾರ್ಡ್‌ಡಿಸ್ಕನ್ನಲ್ಲ ಎಂದು ಎರಡು ಸಲ ನೋಡಿ. ಮುಗಿದ ಮೇಲೆ 32 ಜಿಬಿ ಕಾರ್ಡಿನಲ್ಲಿ ನೂರು ಚಿಲ್ಲರೆ ಎಂಬಿ ಮಾತ್ರ ಕಂಡರೆ ಗಾಬರಿ ಬೇಡ. ಇಮೇಜ್ ಬಳಸಿಕೊಳ್ಳುವುದೇ ಅಷ್ಟು, ರೂಟರಿಗೆ ಅದೇ ಧಾರಾಳ.

ಹಂತ 2: ಮೊದಲ ಲಾಗಿನ್

ಓಎನ್‌ಯುವನ್ನು ಈಗಲೇ ಮುಟ್ಟಬೇಡಿ. ಬೋರ್ಡಿನ ಲ್ಯಾನ್ ಪೋರ್ಟಿನಿಂದ ಲ್ಯಾಪ್‌ಟಾಪಿಗೆ ಒಂದೇ ಕೇಬಲ್ ಹಾಕಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಬೋರ್ಡಿಗೆ ಕರೆಂಟು ಕೊಡಿ. ಒಂದೆರಡು ನಿಮಿಷ ಬಿಟ್ಟು ಬ್ರೌಸರಿನಲ್ಲಿ 192.168.1.1 ತೆರೆಯಿರಿ. ಲೂಸಿ ಎಂಬ ಕಂಟ್ರೋಲ್ ಪುಟ ಬರುತ್ತದೆ. ಯೂಸರ್ ರೂಟ್, ಪಾಸ್‌ವರ್ಡ್ ಖಾಲಿ. ಒಳಗೆ ಹೋದ ಕೂಡಲೇ ಪಾಸ್‌ವರ್ಡ್ ಇಡಿ.

ಎರಡನೇ ಕೆಲಸ ಬಹಳ ಮುಖ್ಯ. ಬಹಳಷ್ಟು ಓಎನ್‌ಯುಗಳ ವಿಳಾಸವೂ 192.168.1.1 ಅಥವಾ ಅದೇ ಸಾಲಿನದ್ದು. ಬೋರ್ಡಿನದೂ ಅದೇ. ಎರಡನ್ನೂ ಜೋಡಿಸಿದರೆ ಒಂದೇ ಮನೆ ನಂಬರಿನ ಎರಡು ಮನೆಗಳ ಕಥೆ. ಕಾಗದ ಎಲ್ಲಿಗೂ ಮುಟ್ಟುವುದಿಲ್ಲ. ಹಾಗಾಗಿ ನೆಟ್‌ವರ್ಕ್, ಇಂಟರ್‌ಫೇಸಸ್, ಲ್ಯಾನ್ ಎಂದು ಹೋಗಿ ಬೋರ್ಡಿನ ವಿಳಾಸವನ್ನು 192.168.10.1 ಮಾಡಿ, ಸೇವ್ ಆಂಡ್ ಅಪ್ಲೈ ಒತ್ತಿ. ಪುಟ ತಟಸ್ಥವಾಗಿ ನಿಲ್ಲುತ್ತದೆ. ಕೇಬಲ್ ತೆಗೆದು ಮತ್ತೆ ಹಾಕಿ, 90 ಸೆಕೆಂಡಿನೊಳಗೆ ಹೊಸ ವಿಳಾಸದಲ್ಲಿ ಲಾಗಿನ್ ಆಗಿ. ಅಷ್ಟರಲ್ಲಿ ಆಗದಿದ್ದರೆ ಬೋರ್ಡು ತಾನಾಗಿಯೇ ಹಳೆ ವಿಳಾಸಕ್ಕೆ ಮರಳುತ್ತದೆ. ಕೈ ತಪ್ಪಿ ಏನೋ ಬರೆದು ಹೊರಗುಳಿಯಬಾರದು ಎಂದು ಇಟ್ಟಿರುವ ಏರ್ಪಾಡು ಅದು.

ಹಂತ 3: ಇಂಟರ್ನೆಟ್ ಒಳಗೆ ತರುವುದು

ಇದಕ್ಕೆ ಎರಡು ದಾರಿ. ಮೊದಲು ಸುಲಭದ್ದನ್ನು ಮಾಡಿ ನೋಡಿ. ಓಎನ್‌ಯುವಿನ ಲ್ಯಾನ್ ಪೋರ್ಟಿನಿಂದ ಬೋರ್ಡಿನ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಒಳಬರುವ ಪೋರ್ಟ್) ಕೇಬಲ್ ಹಾಕಿ. ರೂಟರಿಗೆಂದೇ ಮಾಡಿದ ಬೋರ್ಡುಗಳಲ್ಲಿ ಬೇರೇನೂ ಬದಲಿಸದೆ ನೆಟ್ ಬರುತ್ತದೆ. ಪೈ 4ರವರು ಮಾತ್ರ ಯುಎಸ್‌ಬಿ ಅಡಾಪ್ಟರನ್ನು ಮೊದಲು ಲೂಸಿಯಲ್ಲಿ ವ್ಯಾನ್ ಎಂದು ಸೇರಿಸಬೇಕು. ಇದರಲ್ಲಿ ವಿಳಾಸ ಬದಲಾವಣೆ ಎರಡು ಕಡೆ ಆಗುತ್ತದೆ, ಡಬಲ್ ನ್ಯಾಟ್ ಅನ್ನುತ್ತಾರೆ. ದಿನಬಳಕೆಗೆ ತೊಂದರೆಯಿಲ್ಲ. ಒಂದೆರಡು ವಾರ ಹೀಗೇ ಓಡಿಸಿ, ಬೋರ್ಡಿನ ಮೇಲೆ ನಂಬಿಕೆ ಬರಲಿ.

ಆಮೇಲೆ ಓಎನ್‌ಯುವನ್ನು ಬ್ರಿಡ್ಜ್ ಮೋಡಿಗೆ (ಬೆಳಕಿನ ಕೆಲಸ ಮಾತ್ರ ಮಾಡಿ ಉಳಿದದ್ದನ್ನು ದಾಟಿಸುವ ಬಗೆ) ಹಾಕಿಸಿ, ಲಾಗಿನ್ ಕೆಲಸವನ್ನು ಬೋರ್ಡಿಗೆ ಕೊಡಬಹುದು. ಇದಕ್ಕೆ ಲೈನ್ ಕೊಟ್ಟವರ ಸಹಾಯ ಬೇಕು. ನಮ್ಮಲ್ಲಿ ಬಿಎಸ್‌ಎನ್‌ಎಲ್ ಫೈಬರ್ ಇರಲಿ, ಕೇಬಲ್ ಟಿವಿಯವರ ಲೈನ್ ಇರಲಿ, ಮನೆಗೆ ಬರುವುದು ಊರಿನ ಹುಡುಗನೇ ಅಲ್ವಾ. ಅವನಲ್ಲಿ ಕೇಳಬೇಕಾದದ್ದು: ಪಿಪಿಪಿಓಇ (ಲೈನಿಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಅದರ ಪಾಸ್‌ವರ್ಡ್, ವಿಎಲ್‌ಎಎನ್ ನಂಬರ್ (ಒಂದೇ ಲೈನಿನ ಬೇರೆ ಬೇರೆ ಸೇವೆಗಳನ್ನು ಗುರುತಿಸುವ ಸಂಖ್ಯೆ) ಏನಾದರೂ ಉಂಟೇ, ಬ್ರಿಡ್ಜ್ ಮಾಡಿದರೆ ಓಎನ್‌ಯುಗೆ ಸಿಕ್ಕಿಸಿದ ಲ್ಯಾಂಡ್‌ಲೈನ್ ಫೋನು ಉಳಿಯುತ್ತದೆಯೇ. ಕೊನೆಯದನ್ನು ಮರೆಯಬೇಡಿ. ಅಜ್ಜಿಯ ಫೋನು ಸತ್ತರೆ ನಿಮ್ಮ ಬೋರ್ಡಿಗೆ ಮನೆಯಲ್ಲಿ ಜಾಗವಿಲ್ಲ. ಬದಲಿಸುವ ಮೊದಲು ಓಎನ್‌ಯುವಿನ ವ್ಯಾನ್ ಪುಟದ ಫೋಟೋ ತೆಗೆದಿಡಿ, ಹಿಂದಕ್ಕೆ ಬರಲು ಬೇಕಾಗುತ್ತದೆ.

ಲೂಸಿಯಲ್ಲಿ ವ್ಯಾನ್ ಇಂಟರ್‌ಫೇಸಿನ ಪ್ರೋಟೋಕಾಲನ್ನು ಪಿಪಿಪಿಓಇ ಮಾಡಿ ಯೂಸರ್‌ನೇಮ್ ಪಾಸ್‌ವರ್ಡ್ ತುಂಬಿ. ವಿಎಲ್‌ಎಎನ್ ಟ್ಯಾಗನ್ನು ಕೆಲವು ಓಎನ್‌ಯುಗಳು ತಾವೇ ಹಾಕುತ್ತವೆ, ಕೆಲವು ಹಾಕುವುದಿಲ್ಲ. ಹಾಕದಿದ್ದರೆ ವ್ಯಾನ್ ಡಿವೈಸಿನ ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಆ ನಂಬರ್ ಸೇರಿಸಬೇಕು. ಪಿಪಿಪಿಓಇಯಲ್ಲಿ ಪ್ಯಾಕೆಟ್ಟಿನ (ಮಾಹಿತಿಯ ಕಟ್ಟಿನ) ಗಾತ್ರ 1500ರ ಬದಲು 1492 ಬೈಟಿಗೆ ಇಳಿಯುತ್ತದೆ. ಅದನ್ನು ಓಪನ್‌ಡಬ್ಲ್ಯೂಆರ್‌ಟಿ ತಾನೇ ಸರಿದೂಗಿಸುತ್ತದೆ, ನೀವು ಕೈ ಹಾಕುವುದು ಬೇಡ.

ಹಂತ 4: ವೈಫೈಗೆ ಹಳೆ ರೂಟರ್

ನಮ್ಮ ಮನೆಗಳ ಕೆಂಪುಕಲ್ಲಿನ ಗೋಡೆ ವೈಫೈಗೆ ವೈರಿ. ದಪ್ಪ ಗೋಡೆ, ಮಳೆಗಾಲದಲ್ಲಿ ನೀರು ಕುಡಿದು ಇನ್ನೂ ಭಾರ. 5 ಗಿಗಾಹರ್ಟ್ಸ್ ಸಿಗ್ನಲ್ ಎರಡು ಗೋಡೆ ದಾಟಿದರೆ ಪುಣ್ಯ. ಎಷ್ಟು ಆಂಟೆನಾದ ರೂಟರ್ ತಂದರೂ ಅಷ್ಟೇ. ಬೇಕಾದದ್ದು ಚಾವಡಿಯಲ್ಲೊಂದು, ಒಳಗೊಂದು ಸಾಧಾರಣ ರೂಟರ್, ನಡುವೆ ಕೇಬಲ್.

ಹಳೆ ರೂಟರಿನಲ್ಲಿ ಮೂರೇ ಬದಲಾವಣೆ. ಅದರ ವಿಳಾಸ 192.168.10.2 ಮಾಡಿ (ಎರಡನೆಯದಿದ್ದರೆ ಅದಕ್ಕೆ 192.168.10.3). ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿ. ಬೋರ್ಡಿನಿಂದ ಬರುವ ಕೇಬಲನ್ನು ಅದರ ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಹಾಕಿ. ಜನ ಎಡವುವುದು ಈ ಮೂರನೆಯದರಲ್ಲೇ, ಯಾಕೆಂದರೆ ವ್ಯಾನ್ ಪೋರ್ಟ್ ಬಣ್ಣ ಬೇರೆ ಇದ್ದು ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಎರಡು ರೂಟರಿದ್ದರೆ ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಡಿ. 2.4 ಗಿಗಾಹರ್ಟ್ಸಿನಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11. ಓಎನ್‌ಯುವಿನ ವೈಫೈ ಆಫ್ ಮಾಡಿ. ಬೋರ್ಡಿಲ್ಲದೆ ಈ ಹಂತ ಮಾತ್ರ ಮಾಡುವವರು ಕೇಬಲನ್ನು ಓಎನ್‌ಯುವಿನಿಂದಲೇ ಎಳೆಯಿರಿ, ಹಳೆ ರೂಟರಿಗೆ ಓಎನ್‌ಯುವಿನ ಸಾಲಿನದ್ದೇ ಬೇರೊಂದು ವಿಳಾಸ ಕೊಡಿ.

ಹಟ್ಟಿಗೋ ತೋಟದ ಪಂಪ್‌ಶೆಡ್ಡಿಗೋ ನೆಟ್ ಬೇಕಾದರೆ ಲ್ಯಾನ್ ಕೇಬಲ್ ಎಳೆಯುವ ಮೊದಲು ಕೆಳಗಿನ ಸಿಡಿಲಿನ ಭಾಗ ಓದಿ.

ಹಂತ 5: ಕಾಲ್ ತಡವರಿಸುವುದಕ್ಕೆ ಮದ್ದು

ನನ್ನ ಮಟ್ಟಿಗೆ ಬೋರ್ಡು ತರುವ ದುಡ್ಡು ವಸೂಲಾಗುವುದು ಇಲ್ಲೇ. ಒಂದು ಪ್ರಯೋಗ ಮಾಡಿ. ಸುಮ್ಮನಿರುವ ಲೈನಿನಲ್ಲಿ ಪಿಂಗ್ (ಪ್ಯಾಕೆಟ್ಟು ಹೋಗಿ ಬರಲು ಹಿಡಿಯುವ ಹೊತ್ತು) ನೋಡಿ, ಇಂತಿಷ್ಟು ಮಿಲಿಸೆಕೆಂಡ್ ಎಂದು ಬರುತ್ತದೆ. ಈಗ ಫೋನಿನಿಂದ ದೊಡ್ಡ ವಿಡಿಯೋ ಅಪ್‌ಲೋಡಿಗೆ ಬಿಟ್ಟು ಮತ್ತೆ ನೋಡಿ. 10 ಇದ್ದದ್ದು ನೂರಿನ್ನೂರಕ್ಕೆ ಜಿಗಿದರೆ ರೋಗ ಪತ್ತೆಯಾಯಿತು. ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಪೆಟ್ಟಿಗೆ ಕಳಿಸಲಾಗದಷ್ಟು ಪ್ಯಾಕೆಟ್ಟುಗಳನ್ನು ಒಳಗೆ ತುಂಬಿಕೊಂಡು ಕೂತಿದೆ, ವಿಡಿಯೋ ಕಾಲಿನ ಪುಟ್ಟ ಪ್ಯಾಕೆಟ್ಟು ಅವುಗಳ ಹಿಂದೆ ಕಾಯುತ್ತಿದೆ. ಸ್ಪೀಡ್ ಟೆಸ್ಟಿನ ಎಂಬಿಪಿಎಸ್ ಅಂಕಿಯಲ್ಲಿ ಇದು ಕಾಣುವುದಿಲ್ಲ. ಅದಕ್ಕೇ ದೂರು ಕೊಟ್ಟಾಗ ಬಂದವರು ಟೆಸ್ಟ್ ಮಾಡಿ ಎಲ್ಲ ಸರಿಯಿದೆ ಎಂದು ಹೋಗುತ್ತಾರೆ.

ಸಿಸ್ಟಮ್ ಮೆನುವಿನ ಸಾಫ್ಟ್‌ವೇರ್ ಪುಟದಲ್ಲಿ ಪಟ್ಟಿಯನ್ನು ಅಪ್‌ಡೇಟ್ ಮಾಡಿ, ಎಸ್‌ಕ್ಯೂಎಂನ (ಪ್ಯಾಕೆಟ್ಟುಗಳ ಸಾಲನ್ನು ನಿಭಾಯಿಸುವ ಸಾಧನ) ಲೂಸಿ ಆ್ಯಪ್ ಹಾಕಿ. ನೆಟ್‌ವರ್ಕ್ ಮೆನುವಿನಲ್ಲಿ ಎಸ್‌ಕ್ಯೂಎಂ ಎಂಬ ಹೊಸ ಸಾಲು ಬರುತ್ತದೆ. ಇಂಟರ್‌ಫೇಸ್ ಕಡೆ ವ್ಯಾನ್ ಆರಿಸಿ. ಪಿಪಿಪಿಓಇ ಇದ್ದರೆ ಅದರದೇ ಹೆಸರಿನದ್ದನ್ನು. ವೇಗವನ್ನು ಕಿಲೋಬಿಟ್ಟಿನಲ್ಲಿ ಬರೆಯಬೇಕು. ಪ್ಲಾನಿನಲ್ಲಿ ಬರೆದದ್ದನ್ನಲ್ಲ, ನಿಮಗೆ ನಿಜವಾಗಿ ಸಿಗುವುದರ ಶೇಕಡಾ 90ನ್ನು. ಸಂಜೆ ಹೊತ್ತು ಅಳೆದು 96 ಎಂಬಿಪಿಎಸ್ ಸಿಕ್ಕಿದರೆ 86000 ಎಂದು ಬರೆಯಿರಿ. ಕ್ಯೂ ಡಿಸಿಪ್ಲಿನಿನಲ್ಲಿ ಕೇಕ್ ಆರಿಸಿ. ಇದು 2018ರಲ್ಲಿ ಲಿನಕ್ಸ್ ಕರ್ನೆಲ್ 4.19ರ ಜೊತೆ ಒಳಗೆ ಬಂದದ್ದು, ಈ ರೋಗಕ್ಕೆಂದೇ ಮಾಡಿದ ಮದ್ದು. ಲಿಂಕ್ ಲೇಯರಿನಲ್ಲಿ ಈಥರ್ನೆಟ್, ಓವರ್‌ಹೆಡ್ 44.

ಹತ್ತು ಎಂಬಿಪಿಎಸ್ ಯಾಕೆ ಬಿಟ್ಟುಕೊಡಬೇಕು ಅಂದರೆ, ಸಾಲು ನಿಲ್ಲುವ ಜಾಗ ಓಎನ್‌ಯುವಿನೊಳಗೆ ಇರದೆ ನಿಮ್ಮ ಬೋರ್ಡಿನೊಳಗೆ ಇರಬೇಕು. ಆಗ ಯಾರು ಮೊದಲು ಹೋಗಬೇಕು ಎಂದು ಬೋರ್ಡು ನಿರ್ಧರಿಸುತ್ತದೆ. ಪಿಂಗ್ ಇಳಿಯುವವರೆಗೆ ಆ ಸಂಖ್ಯೆಯನ್ನು ಸ್ವಲ್ಪ ಸ್ವಲ್ಪ ತಗ್ಗಿಸಿ, ಆಮೇಲೆ ನಿಲ್ಲಿಸಿ. ಫೈರ್‌ವಾಲ್ ಪುಟದಲ್ಲಿ ಫ್ಲೋ ಆಫ್‌ಲೋಡಿಂಗ್ ಎಂಬುದು ಆನ್ ಇದ್ದರೆ ಆಫ್ ಮಾಡಿ. ಅದು ಪ್ಯಾಕೆಟ್ಟುಗಳನ್ನು ಅಡ್ಡದಾರಿಯಲ್ಲಿ ಕಳಿಸುವುದರಿಂದ ಕೇಕಿನ ಕಣ್ಣಿಗೆ ಅವು ಬೀಳದೆ ಹೋಗಬಹುದು.

ಜಾಹೀರಾತು ತಡೆ, ಹೊರಗಿನಿಂದ ಮನೆಗೆ

ಜಾಹೀರಾತಿಗೆ ಆ್ಯಡ್‌ಬ್ಲಾಕ್ ಪ್ಯಾಕೇಜ್ ಸಾಕು. ಸಣ್ಣ ಪಟ್ಟಿಯಿಂದ ಶುರು ಮಾಡಿ. ದೊಡ್ಡದು ಹಾಕಿದರೆ ಬ್ಯಾಂಕಿನ ಆ್ಯಪ್ ತೆರೆಯುವುದಿಲ್ಲ ಅಂತ ಮನೆಯವರು ನಿಮ್ಮನ್ನೇ ಹಿಡಿಯುತ್ತಾರೆ. ಯೂಟ್ಯೂಬಿನ ಜಾಹೀರಾತು ಇದರಿಂದ ಹೋಗುವುದಿಲ್ಲ.

ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಕೂತು ಮನೆಯ ಕ್ಯಾಮೆರಾ ನೋಡಬೇಕಾದರೆ ವೈರ್‌ಗಾರ್ಡ್ ಒಳ್ಳೆಯದು. ಆದರೆ ಮೊದಲು ಲೂಸಿಯ ಮುಖಪುಟದಲ್ಲಿ ನಿಮಗೆ ಸಿಕ್ಕ ಐಪಿವಿ4 ವಿಳಾಸ ನೋಡಿ. ಬ್ರಿಡ್ಜ್ ಮೋಡಿನಲ್ಲೂ ಅದು 10ರಿಂದ ಶುರುವಾದರೆ, ಅಥವಾ 100.64ರಿಂದ 100.127ರ ನಡುವೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದೇ ಹೊರವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ, ಹೊರಗಿನಿಂದ ನೇರವಾಗಿ ನಿಮ್ಮ ಮನೆಗೆ ಬರಲಾಗದು. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದದ್ದನ್ನು ಮನೆಯ ಒಂದು ಸಾಧನಕ್ಕೆ ದಾಟಿಸುವುದು) ಮಾಡಿ ಪ್ರಯೋಜನವಿಲ್ಲ. ಎರಡೂ ಕಡೆ ಐಪಿವಿ6 (ಹೊಸ ಬಗೆಯ ಉದ್ದ ವಿಳಾಸ) ಇದ್ದರೆ ಅದರ ಮೇಲೆ ವೈರ್‌ಗಾರ್ಡ್ ಓಡಿಸಿ. ಇಲ್ಲದಿದ್ದರೆ ಸಿಜಿನ್ಯಾಟ್ ಹಿಂದಿನಿಂದಲೂ ದಾರಿ ಮಾಡಿಕೊಳ್ಳುವ ಟೇಲ್‌ಸ್ಕೇಲ್ ಥರದ ವಿಪಿಎನ್ ಸೇವೆ ಹಾಕಿ.

ಕರೆಂಟು, ಸಿಡಿಲು, ಆಟಿ ತಿಂಗಳು

ಬೇರೆ ಊರಿನವರ ಮಾರ್ಗದರ್ಶಿಗಳಲ್ಲಿ ಈ ಭಾಗ ಇರುವುದಿಲ್ಲ, ನಮ್ಮಲ್ಲಿ ಬೋರ್ಡು ಸಾಯುವುದು ಮಾತ್ರ ಇದರಿಂದಲೇ.

ಮಾರ್ಚ್‌ನಿಂದ ಮೇವರೆಗೆ, ಮತ್ತೆ ಅಕ್ಟೋಬರ್ ನವೆಂಬರಿನಲ್ಲಿ ಮಧ್ಯಾಹ್ನ ಕಳೆದ ಮೇಲೆ ಸಿಡಿಲು. ಫೈಬರಿನ ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಭಯವಿಲ್ಲ ಅಂತ ಅಂದುಕೊಳ್ಳುತ್ತೇವೆ. ಕಂಬದಿಂದ ಮನೆಗೆ ಎಳೆದ ಚಪ್ಪಟೆ ಫೈಬರ್ ಕೇಬಲನ್ನು ಕೈಯಲ್ಲಿ ಹಿಡಿದು ನೋಡಿ. ಹೆಚ್ಚಿನವಲ್ಲಿ ಒಂದು ಬದಿಗೆ ಉಕ್ಕಿನ ತಂತಿ ಇರುತ್ತದೆ, ಕೇಬಲ್ ಜೋತು ಬೀಳದಂತೆ ಹಿಡಿಯಲು. ಆ ತಂತಿಯನ್ನು ಮನೆಯ ಹೊರಗೇ ಕತ್ತರಿಸಿ, ಬರೀ ಫೈಬರ್ ಮಾತ್ರ ಒಳಗೆ ಬರುವಂತೆ ಲೈನಿನವರಲ್ಲಿ ಹೇಳಿ ಮಾಡಿಸಿ. ಮನೆಯಿಂದ ಹಟ್ಟಿಗೆ ಹೊರಗಿನಿಂದ ಎಳೆದ ತಾಮ್ರದ ಲ್ಯಾನ್ ಕೇಬಲ್ ಇನ್ನೂ ಅಪಾಯ. ಹತ್ತಿರದಲ್ಲಿ ಸಿಡಿಲು ಬಡಿದರೂ ಸಾಕು, ಎರಡೂ ತುದಿಯ ಪೋರ್ಟ್ ಸುಟ್ಟೀತು. ಅಲ್ಲಿಗೆ ಫೈಬರ್ ತುಂಡು ಎಳೆದು ಎರಡು ಕಡೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಪೆಟ್ಟಿಗೆ) ಇಡುವುದೇ ಕ್ಷೇಮ. ಮೋಡ ಕಪ್ಪಾದಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ.

ಬೇಸಿಗೆಯಲ್ಲಿ ಅಡಿಕೆ ತೋಟಗಳಿಗೆ ಪಂಪು ಓಡುವಾಗ ವೋಲ್ಟೇಜ್ ಬೀಳುತ್ತದೆ, ಕರೆಂಟು ಹೋಗಿ ಬಂದು ಮಾಡುತ್ತದೆ. ಬರೆಯುವ ಹೊತ್ತಿಗೆ ಕರೆಂಟು ಹೋದರೆ ಎಸ್‌ಡಿ ಕಾರ್ಡು ಕೆಡಬಹುದು. ಓಪನ್‌ಡಬ್ಲ್ಯೂಆರ್‌ಟಿ ತನ್ನ ಲಾಗನ್ನು ರ‍್ಯಾಮಿನಲ್ಲೇ ಇಡುವುದರಿಂದ ಕಾರ್ಡಿಗೆ ಬರೆಯುವುದು ಕಡಿಮೆ, ಅದೊಂದು ಅನುಕೂಲ. ಆದರೂ ರೂಟರಿಗೆಂದು ಸಿಗುವ ಮಿನಿ ಯುಪಿಎಸ್ ಹಾಕಿ. ಓಎನ್‌ಯುಗೆ ಸಾಮಾನ್ಯವಾಗಿ 12 ವೋಲ್ಟ್, ಬೋರ್ಡಿಗೆ 5 ವೋಲ್ಟ್. ಎರಡೂ ಔಟ್‌ಪುಟ್ ಇರುವುದನ್ನೇ ತನ್ನಿ. ಪಿನ್ನು ಅದಲುಬದಲಾಗಿ 12 ವೋಲ್ಟ್ ಬೋರ್ಡಿಗೆ ಹೋದರೆ ಅಲ್ಲಿಗೆ ಮುಗಿಯಿತು, ಹಾಗಾಗಿ ವೈರಿಗೆ ಬಣ್ಣದ ಟೇಪು ಸುತ್ತಿ. ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕ ಸುಲಭ. ಓಎನ್‌ಯು, ಬೋರ್ಡು, ಒಂದು ವೈಫೈ ರೂಟರ್ ಸೇರಿ 15 ವ್ಯಾಟ್ ಎಳೆದರೆ, 30 ವ್ಯಾಟ್ ಅವರ್ ಬ್ಯಾಟರಿ ಎರಡು ಗಂಟೆ ಮುಟ್ಟುವುದಿಲ್ಲ.

ಆಟಿಯ ಮಳೆಗೆ ಪೋರ್ಟಿನ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ಬೋರ್ಡನ್ನು ಗೋಡೆಗೆ ತಾಗಿಸಿ ಇಡಬೇಡಿ, ಮರದ ತುಂಡಿನ ಮೇಲೆ ಗಾಳಿಯಾಡುವ ಕಡೆ ಇಡಿ. ಖಾಲಿ ಯುಎಸ್‌ಬಿ ಪೋರ್ಟಿಗೆ ರಬ್ಬರ್ ಮುಚ್ಚಳ ಹಾಕಿ, ಇಲ್ಲದಿದ್ದರೆ ಇರುವೆ ಸಂಸಾರ ಹೂಡುತ್ತದೆ.

ಬ್ಯಾಕಪ್, ಮತ್ತು ಆಟಕ್ಕೆ ಎರಡನೇ ಕಾರ್ಡು

ಎಲ್ಲ ಸರಿಯಾದ ದಿನ ಸಿಸ್ಟಮ್ ಮೆನುವಿನ ಬ್ಯಾಕಪ್ ಪುಟದಿಂದ ಸೆಟ್ಟಿಂಗ್ ಫೈಲ್ ಇಳಿಸಿ ಫೋನಿನಲ್ಲಿಡಿ. ಇನ್ನೊಂದು ಕಾರ್ಡಿಗೆ ಇದೇ ಇಮೇಜ್ ಬರೆದು, ಅದೇ ಫೈಲ್ ಹಾಕಿ, ಬೋರ್ಡಿನ ಕೇಸಿಗೆ ಟೇಪು ಅಂಟಿಸಿಡಿ. ನೀವು ಊರಲ್ಲಿ ಇಲ್ಲದಾಗ ಕಾರ್ಡು ಕೆಟ್ಟರೆ ಮನೆಯವರು ಅದನ್ನು ಬದಲಿಸಿದರಾಯಿತು.

ಪ್ರಯೋಗಗಳನ್ನು ರೂಟರ್ ಬೋರ್ಡಿನ ಮೇಲೆ ಮಾಡಬೇಡಿ. ಅದಕ್ಕೆ ಮೂಲೆಯಲ್ಲಿರುವ ಹಳೆ ಪೈ ಬಳಸಿ. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವುದು ಲಿನಕ್ಸಿನಲ್ಲೇ, ರಾಜ್ಯ ಸರಕಾರದ ಕೈಟ್ ಸಂಸ್ಥೆ ಕೊಡುವ ವ್ಯವಸ್ಥೆಯಲ್ಲಿ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಅದರ ಪರಿಚಯ ಇದೆ. 2018ರಿಂದ ಶಾಲೆಗಳಲ್ಲಿ ಮಕ್ಕಳ ಐಟಿ ಕ್ಲಬ್ಬುಗಳಾದ ಲಿಟಲ್ ಕೈಟ್ಸ್ ಕೂಡ ಇವೆ. ಪೈಗೆ ರಾಸ್ಪ್‌ಬೆರಿ ಪೈ ಓಎಸ್ ಹಾಕಿ, ಡೆಬಿಯನ್ನಿನ ಕನ್ನಡ ಫಾಂಟ್ ಪ್ಯಾಕೇಜ್ ಸೇರಿಸಿದರೆ ಗುಬ್ಬಿ, ನವಿಲು ಎಂಬ ಫಾಂಟುಗಳು ಬರುತ್ತವೆ. ಕೀಬೋರ್ಡಿನ ಪಟ್ಟಿಯಲ್ಲಿ ಕಗಪ ವಿನ್ಯಾಸ ಆರಿಸಿ ಕೊಡಿ. ಹತ್ತನೇ ಕ್ಲಾಸಿನ ಹುಡುಗಿ ಅದರಲ್ಲಿ ಪ್ರಾಜೆಕ್ಟ್ ಬರೆಯಲಿ, ಪೈಥಾನ್ ಕಲಿಯಲಿ, ಕೆಡಿಸಿದರೆ ಕಾರ್ಡು ಅಳಿಸಿ ಮತ್ತೆ ಬರೆದರಾಯಿತು. ಆಗಲೂ ಮನೆಯ ನೆಟ್ ಓಡುತ್ತಲೇ ಇರುತ್ತದೆ.